ಆಕಾಂಕ್ಷೆ, ಸನ್ನಿಧಿ, ಯೋಗ್ಯತೆ: ನಡೆಯುತ್ತಿರುವ ಪ್ರೋಗ್ರಾಂಗೆ ಲೈಬ್ರರಿಯನ್ನು ಕೂಡಿಸುವ ಕ್ರಮಗಳ ವಿಮರ್ಶೆ

೧

ಗಣಕಶಾಸ್ತ್ರವನ್ನು ಬೋಧಿಸುವ ತರಗತಿಗಳಲ್ಲಿ ಆಪರೇಟಿಂಗ್ ಸಿಸ್ಟಮ್‌ಗಳ ಪಾಠ ನಡೆಯುವಾಗ ಕರಿಹಲಗೆಯ ಮೇಲೆ ಒಂದು ಪಟ್ಟಿ ಮೂಡುವುದನ್ನು ನಾವು ಅನೇಕ ಸಲ ಕಂಡಿದ್ದೇವೆ. ಪಟ್ಟಿಗೆ ಎರಡು ಅಂಕಣ, ಮೂರು ಸಾಲು. ಎಡಗಡೆಯಲ್ಲಿ ಯೂನಿಕ್ಸ್ ವಂಶದ ವ್ಯವಸ್ಥೆಗಳ ಡಿಎಲ್‌ಓಪನ್, ಡಿಎಲ್‌ಸಿಮ್, ಡಿಎಲ್‌ಕ್ಲೋಸ್, ಬಲಗಡೆಯಲ್ಲಿ ವಿಂಡೋಸಿನ ಲೋಡ್‌ಲೈಬ್ರರಿ, ಗೆಟ್‌ಪ್ರಾಕ್‌ಅಡ್ರೆಸ್, ಫ್ರೀಲೈಬ್ರರಿ, ನಡುವೆ ಸಮಚಿಹ್ನೆ. ಮೊದಲನೆಯದು ಪ್ರೋಗ್ರಾಂ ನಡೆಯುತ್ತಿರುವಾಗಲೇ ಲೈಬ್ರರಿಯೊಂದನ್ನು ತೆರೆಯುತ್ತದೆ. ಎರಡನೆಯದು ಅದರೊಳಗಿನ ಫಂಕ್ಷನ್ನಿನ ವಿಳಾಸವನ್ನು ಹುಡುಕಿಕೊಡುತ್ತದೆ. ಮೂರನೆಯದು ಲೈಬ್ರರಿಯನ್ನು ಮುಚ್ಚುತ್ತದೆ. ವಿದ್ಯಾರ್ಥಿಗಳು ಪಟ್ಟಿಯನ್ನು ಬರೆದುಕೊಂಡು ವಿಷಯ ಮುಗಿಯಿತೆಂದು ತಿಳಿಯುತ್ತಾರೆ.

ಈ ಸಮಚಿಹ್ನೆ ಎಷ್ಟರಮಟ್ಟಿಗೆ ಸತ್ಯ ಎಂಬುದೇ ಪ್ರಕೃತ ಲೇಖನದ ವಿಚಾರ. ಹೊರಗಿನ ಕ್ರಿಯೆಯನ್ನು ಮಾತ್ರ ನೋಡಿದರೆ ಅದು ಸತ್ಯವೇ. ಆದರೆ ಒಂದು ಹೆಸರನ್ನು ಕೂಗಿದರೆ ಯಾರು ಓಗೊಡುತ್ತಾರೆ, ಓಗೊಟ್ಟವನು ನಾವು ಬಯಸಿದವನೇ ಎಂದು ಯಾರು ಪರೀಕ್ಷಿಸುತ್ತಾರೆ, ಕೆಲಸ ಮುಗಿದ ಮೇಲೆ ಅವನು ಹೊರಟುಹೋಗುತ್ತಾನೆಯೇ ಎಂಬ ಪ್ರಶ್ನೆಗಳಿಗೆ ಒಂದೊಂದು ವ್ಯವಸ್ಥೆ ಒಂದೊಂದು ಉತ್ತರ ಕೊಡುತ್ತದೆ. ಪಟ್ಟಿಯನ್ನು ನಂಬಿ ಬರೆದ ಪ್ರೋಗ್ರಾಂ ಒಂದು ಯಂತ್ರದಲ್ಲಿ ಸರಿಯಾಗಿ ನಡೆದು ಇನ್ನೊಂದರಲ್ಲಿ ಕೆಡುತ್ತದೆ. ಕೆಟ್ಟದ್ದು ಕಣ್ಣಿಗೆ ಬಿದ್ದರೆ ಪುಣ್ಯ, ಬೀಳದಿದ್ದರೆ ಅಪಾಯ.

೨

ಮೊದಲು ಈ ಪದ್ಧತಿಯ ಹುಟ್ಟನ್ನು ಸಂಕ್ಷೇಪವಾಗಿ ನೋಡೋಣ. ಹಳೆಯ ಕ್ರಮದಲ್ಲಿ ಲಿಂಕರ್ ಎಂಬ ಸಾಧನವು ಪ್ರೋಗ್ರಾಂಗೆ ಬೇಕಾದ ಲೈಬ್ರರಿಯ ಭಾಗಗಳನ್ನೆಲ್ಲ ಮುಂಚಿತವಾಗಿಯೇ ನಕಲು ಮಾಡಿ ಒಂದೇ ಕಡತದಲ್ಲಿ ಸೇರಿಸಿಬಿಡುತ್ತಿತ್ತು. ನೂರು ಪ್ರೋಗ್ರಾಂಗಳಿದ್ದರೆ ಒಂದೇ ಫಂಕ್ಷನ್ನಿಗೆ ನೂರು ಪ್ರತಿಗಳು. ಇದರ ಬದಲು ಒಂದೇ ಪ್ರತಿಯನ್ನು ಎಲ್ಲರೂ ಹಂಚಿಕೊಳ್ಳುವಂತೆ ಮಾಡಿ, ಕೂಡಿಸುವ ಕೆಲಸವನ್ನು ಪ್ರೋಗ್ರಾಂ ನಡೆಯುವ ಕಾಲಕ್ಕೆ ಮುಂದೂಡಬಹುದೆಂಬ ವಿಚಾರ ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ಪೂರ್ಣರೂಪದಲ್ಲಿ ಕಾಣಿಸಿಕೊಂಡಿತು. ಎಂ.ಐ.ಟಿ., ಬೆಲ್ ಪ್ರಯೋಗಾಲಯ, ಜನರಲ್ ಎಲೆಕ್ಟ್ರಿಕ್ ಸಂಸ್ಥೆಗಳು ಕೂಡಿ ಕಟ್ಟಲು ಹೊರಟ ಈ ವ್ಯವಸ್ಥೆಯ ವಿವರಗಳು ೧೯೬೫ರಲ್ಲಿ ವಿದ್ವತ್ಸಭೆಯ ಮುಂದೆ ಬಂದವು. ಅದರಲ್ಲಿ ಹೊರಗಿನ ಹೆಸರೊಂದನ್ನು ಪ್ರೋಗ್ರಾಂ ಮೊದಲ ಬಾರಿ ಮುಟ್ಟಿದೊಡನೆ ಯಂತ್ರದಲ್ಲಿ ಒಂದು ತಡೆ ಉಂಟಾಗುತ್ತಿತ್ತು. ವ್ಯವಸ್ಥೆಯು ಆ ಹೆಸರನ್ನು ಗೊತ್ತಾದ ಕ್ರಮದಲ್ಲಿ ಹುಡುಕಿ, ಸಿಕ್ಕಿದ್ದನ್ನು ಅಲ್ಲಿಗೆ ಕೂಡಿಸಿ, ಪ್ರೋಗ್ರಾಂ ಮುಂದುವರಿಯುವಂತೆ ಮಾಡುತ್ತಿತ್ತು.

ಬೆಲ್ ಪ್ರಯೋಗಾಲಯವು ೧೯೬೯ರಲ್ಲಿ ಈ ಯೋಜನೆಯಿಂದ ಹೊರಬಂದಿತು. ಅಲ್ಲಿಯೇ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ನಿರ್ಮಿಸಿದ ಯೂನಿಕ್ಸ್ ಸರಳತೆಯ ದಾರಿಯನ್ನು ಹಿಡಿದು ಈ ಸೌಕರ್ಯವನ್ನು ಕೈಬಿಟ್ಟಿತು. ಅತ್ತ ೧೯೮೫ರಲ್ಲಿ ಹೊರಬಂದ ವಿಂಡೋಸಿನ ಮೊದಲ ಆವೃತ್ತಿಗೆ ಸಣ್ಣ ಯಂತ್ರದ ಕಿರಿದಾದ ಸ್ಮೃತಿಯಲ್ಲಿ ಅನೇಕ ಪ್ರೋಗ್ರಾಂಗಳನ್ನು ನಡೆಸಬೇಕಾಗಿತ್ತು. ಆದುದರಿಂದ ಅದು ಹುಟ್ಟಿನಿಂದಲೇ ಡಿಎಲ್‌ಎಲ್ ಎಂಬ ಹಂಚಿಕೆಯ ಲೈಬ್ರರಿಗಳನ್ನು ಅವಲಂಬಿಸಿತು. ಯೂನಿಕ್ಸ್ ವಂಶಕ್ಕೆ ಈ ವಿದ್ಯೆ ಸುತ್ತುದಾರಿಯಲ್ಲಿ ಮರಳಿತು. ಸನ್ ಸಂಸ್ಥೆಯ ರಾಬರ್ಟ್ ಗಿಂಗೆಲ್ ಮತ್ತು ಸಹೋದ್ಯೋಗಿಗಳು ೧೯೮೭ರಲ್ಲಿ ತಮ್ಮ ವಿನ್ಯಾಸವನ್ನು ಪ್ರಬಂಧವಾಗಿ ಮಂಡಿಸಿದರು. ಮರುವರ್ಷದ ಸನ್‌ಓಎಸ್ ೪ರಲ್ಲಿ ಅದು ಬಳಕೆಗೆ ಬಂತು. ಡಿಎಲ್‌ಓಪನ್ ಮತ್ತು ಅದರ ಸಂಗಾತಿ ಫಂಕ್ಷನ್‌ಗಳ ಮೂಲ ಸನ್‌ಓಎಸ್ ವ್ಯವಸ್ಥೆಯೇ. ಅವು ೧೯೯೭ರಲ್ಲಿ ಏಕೀಕೃತ ಯೂನಿಕ್ಸ್ ನಿರೂಪಣೆಯೊಳಗೂ, ಬಳಿಕ ಪೋಸಿಕ್ಸ್ ಪ್ರಮಾಣಗ್ರಂಥದೊಳಗೂ ಸ್ಥಾನ ಪಡೆದುವು. ೨೦೦೮ರ ಆವೃತ್ತಿಯಲ್ಲಿ ಅವು ಐಚ್ಛಿಕ ಭಾಗದಿಂದ ಮೂಲಭಾಗಕ್ಕೆ ಏರಿದುವು.

ಈ ಚರಿತ್ರೆಯಿಂದ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟರೆ ಸಾಕು. ಎರಡು ವಂಶಗಳೂ ಒಂದನ್ನು ನೋಡಿ ಇನ್ನೊಂದು ಕಲಿತವುಗಳಲ್ಲ. ಬೇರೆಬೇರೆ ಅಗತ್ಯಗಳಿಂದ ಬೇರೆಬೇರೆಯಾಗಿ ಬೆಳೆದವು. ಅವುಗಳಲ್ಲಿ ಸಾದೃಶ್ಯವಿದ್ದರೆ ಅದು ಕೆಲಸದ ಸಾದೃಶ್ಯ, ಅರ್ಥದ ಸಾದೃಶ್ಯವಲ್ಲ.

೩

ಎರಡನ್ನು ತೂಗಿ ನೋಡಲು ಒಂದು ಅಳತೆಗೋಲು ಬೇಕು. ನಮ್ಮ ದೇಶದ ಶಾಸ್ತ್ರಕಾರರು ವಾಕ್ಯದಿಂದ ಅರ್ಥ ಹೇಗೆ ಹುಟ್ಟುತ್ತದೆಂಬುದನ್ನು ಚರ್ಚಿಸುವಾಗ ಮೂರು ನಿಯಮಗಳನ್ನು ಹೇಳಿದ್ದಾರೆ: ಆಕಾಂಕ್ಷೆ, ಸನ್ನಿಧಿ, ಯೋಗ್ಯತೆ. ಒಂದು ಪದ ತನ್ನಷ್ಟಕ್ಕೆ ಅಪೂರ್ಣವಾಗಿ ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ಬಯಸಿದ ಪದ ಹತ್ತಿರದಲ್ಲಿ ದೊರೆಯುವುದು ಸನ್ನಿಧಿ. ಒಂದು ಪದವನ್ನು ಬೆಳಗ್ಗೆಯೂ ಇನ್ನೊಂದನ್ನು ಸಂಜೆಯೂ ಉಚ್ಚರಿಸಿದರೆ ವಾಕ್ಯವಾಗದು. ಕೂಡಿದ ಪದಗಳ ಅರ್ಥಗಳು ಪರಸ್ಪರ ಹೊಂದುವುದು ಯೋಗ್ಯತೆ. ‘ಬೆಂಕಿಯಿಂದ ನೆನೆಸುತ್ತಾನೆ’ ಎಂಬಲ್ಲಿ ಆಕಾಂಕ್ಷೆಯೂ ಉಂಟು, ಸನ್ನಿಧಿಯೂ ಉಂಟು, ಯೋಗ್ಯತೆ ಇಲ್ಲ.

ಲೈಬ್ರರಿಯ ಜೋಡಣೆಗೂ ಈ ವಿಭಾಗ ಚೆನ್ನಾಗಿ ಒಪ್ಪುತ್ತದೆ. ಪ್ರೋಗ್ರಾಂ ತನ್ನಲ್ಲಿಲ್ಲದ ಫಂಕ್ಷನ್ನಿನ ಹೆಸರನ್ನು ಹೇಳುವುದು ಆಕಾಂಕ್ಷೆ. ಲೋಡರ್ ಆ ಹೆಸರಿನ ಲೈಬ್ರರಿಯನ್ನು ಹುಡುಕಿ ತಂದು ಸ್ಮೃತಿಯಲ್ಲಿ ಇಡುವುದು ಸನ್ನಿಧಿ. ತಂದ ಫಂಕ್ಷನ್ನು ಕರೆದವನು ಬಯಸಿದ ಬಗೆಯ ವಾದಗಳನ್ನೇ ತೆಗೆದುಕೊಂಡು ಬಯಸಿದ ಅರ್ಥವನ್ನೇ ಸಾಧಿಸುವುದು ಯೋಗ್ಯತೆ. ಮೂರರಲ್ಲಿ ಆಕಾಂಕ್ಷೆ ಎಲ್ಲ ವ್ಯವಸ್ಥೆಗಳಲ್ಲಿಯೂ ಒಂದೇ. ಸನ್ನಿಧಿಯ ಕ್ರಮ ಒಂದೊಂದರಲ್ಲಿ ಒಂದೊಂದು ಬಗೆ. ಯೋಗ್ಯತೆಯನ್ನು ಬಹುಮಟ್ಟಿಗೆ ಯಾವ ವ್ಯವಸ್ಥೆಯೂ ಪರೀಕ್ಷಿಸುವುದಿಲ್ಲ. ಕರಿಹಲಗೆಯ ಪಟ್ಟಿ ತೋರಿಸುವುದು ಮೊದಲನೆಯದನ್ನು ಮಾತ್ರ ಎಂಬುದು ನಮ್ಮ ಆಕ್ಷೇಪ.

೪

ಸನ್ನಿಧಿಯನ್ನು ಮೊದಲು ವಿಚಾರಿಸೋಣ. ಲೈಬ್ರರಿಯ ಕಡತಕ್ಕೆ ಇಡುವ ಹೆಸರಿನಿಂದಲೇ ಭೇದ ಆರಂಭವಾಗುತ್ತದೆ. ಲಿನಕ್ಸಿನಲ್ಲಿ ಹೆಸರಿನ ಮುಂದೆ ‘ಲಿಬ್’ ಎಂದೂ ಕೊನೆಯಲ್ಲಿ ‘ಎಸ್‌ಓ’ ಎಂದೂ ಸೇರುತ್ತವೆ. ವಿಂಡೋಸಿನಲ್ಲಿ ಕೊನೆಯ ‘ಡಿಎಲ್‌ಎಲ್’ ಮಾತ್ರ. ಮ್ಯಾಕ್ ವ್ಯವಸ್ಥೆಯಲ್ಲಿ ‘ಡೈಲಿಬ್’. ಐಬಿಎಂ ಸಂಸ್ಥೆಯ ಎಐಎಕ್ಸ್‌ನಲ್ಲಿ ಹಂಚಿಕೆಯ ಲೈಬ್ರರಿಯು ಒಂದು ಸಂಪುಟದ ಒಳಗಿನ ಅಂಗವಾಗಿರಬಹುದಾದ್ದರಿಂದ ಸಂಪುಟದ ಹೆಸರಿನ ಜೊತೆಗೆ ಅಂಗದ ಹೆಸರನ್ನೂ ಹೇಳಬೇಕಾಗುತ್ತದೆ. ಲಿನಕ್ಸಿನಲ್ಲಿ ಇನ್ನೊಂದು ತೊಡಕುಂಟು. ಸಿ ಭಾಷೆಯ ಮೂಲ ಲೈಬ್ರರಿಯ ನಿಜವಾದ ಹೆಸರು ‘ಲಿಬ್‌ಸಿ.ಎಸ್‌ಓ.೬’, ಕೊನೆಯ ಅಂಕೆ ಅದರ ಒಪ್ಪಂದದ ಆವೃತ್ತಿಯನ್ನು ಸೂಚಿಸುತ್ತದೆ. ಅಂಕೆಯಿಲ್ಲದ ‘ಲಿಬ್‌ಸಿ.ಎಸ್‌ಓ’ ಎಂಬ ಕಡತವು ಅಲ್ಲಿ ಲೈಬ್ರರಿಯೇ ಅಲ್ಲ, ಲಿಂಕರಿಗಾಗಿ ಬರೆದಿಟ್ಟ ಒಂದು ಸಣ್ಣ ಸೂಚನಾಪತ್ರ. ಅಂಕೆಯನ್ನು ಬಿಟ್ಟು ಡಿಎಲ್‌ಓಪನ್ ಕರೆದ ವಿದ್ಯಾರ್ಥಿಗೆ ಕಡತ ಕಣ್ಣೆದುರಿಗೇ ಇದ್ದರೂ ಸೋಲು ಬರುವುದು ಈ ಕಾರಣದಿಂದ.

ಎಲ್ಲಿ ಹುಡುಕಬೇಕೆಂಬುದರಲ್ಲಿ ಭೇದ ಇನ್ನೂ ಗಂಭೀರವಾದುದು. ಓರೆಗೆರೆಯಿಲ್ಲದ ಬರಿಯ ಹೆಸರನ್ನು ಕೊಟ್ಟರೆ ಲಿನಕ್ಸಿನ ಲೋಡರ್ ಪ್ರೋಗ್ರಾಂನಲ್ಲಿಯೇ ಬರೆದಿರುವ ದಾರಿಗಳು, ಪರಿಸರದಲ್ಲಿ ಸೂಚಿಸಿದ ದಾರಿಗಳು, ವ್ಯವಸ್ಥೆಯ ಸೂಚಿ, ಕೊನೆಗೆ ವ್ಯವಸ್ಥೆಯ ನಿಯತ ಸ್ಥಾನಗಳು, ಇಷ್ಟನ್ನು ನೋಡುತ್ತದೆ; ಯಾರೂ ಹೇಳದಿದ್ದರೆ, ಬಳಕೆದಾರ ಆಗ ಇರುವ ಕಡತಕೋಶವನ್ನು ನೋಡುವುದಿಲ್ಲ. ವಿಂಡೋಸು ಮೊದಲು ಪ್ರೋಗ್ರಾಂ ಇರುವ ಕೋಶವನ್ನು ನೋಡುತ್ತದೆ. ಮತ್ತು ಬಳಕೆದಾರ ಆಗ ಇರುವ ಕೋಶಕ್ಕೂ ಅದರ ಸಾಂಪ್ರದಾಯಿಕ ಹುಡುಕಾಟದಲ್ಲಿ ಸ್ಥಾನವುಂಟು. ಈ ಸೌಜನ್ಯವೇ ಮುಳುವಾಯಿತು. ಯಾರೋ ಕಳುಹಿಸಿದ ದಾಖಲೆಯ ಪಕ್ಕದಲ್ಲಿ ಅದೇ ಹೆಸರಿನ ದುಷ್ಟ ಲೈಬ್ರರಿಯೊಂದನ್ನು ಇಟ್ಟರೆ, ದಾಖಲೆಯನ್ನು ತೆರೆದ ಪ್ರೋಗ್ರಾಂ ಅದನ್ನೇ ತನ್ನದೆಂದು ಒಳಗೆ ಬಿಟ್ಟುಕೊಳ್ಳುತ್ತಿತ್ತು. ೨೦೦೪ರ ಸುಮಾರಿಗೆ ಈ ಕೋಶವನ್ನು ಹುಡುಕಾಟದಲ್ಲಿ ವ್ಯವಸ್ಥೆಯ ಕೋಶಗಳ ಹಿಂದಕ್ಕೆ ಸರಿಸಿದರೂ ದೋಷ ಪೂರ್ತಿ ಹೋಗಲಿಲ್ಲ. ೨೦೧೦ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆಯನ್ನು ಹೊರಡಿಸಬೇಕಾಯಿತು. ಹುಡುಕಾಟದ ಸ್ಥಾನಗಳನ್ನು ಪ್ರೋಗ್ರಾಂ ತಾನೇ ಮಿತಗೊಳಿಸಬಲ್ಲ ಸೌಕರ್ಯಗಳು ಆ ಬಳಿಕ ಬಂದವು.

ಕಡತವಿದ್ದರೆ ಲೈಬ್ರರಿ ಉಂಟು, ಇಲ್ಲದಿದ್ದರೆ ಇಲ್ಲ ಎಂಬ ಸಾಮಾನ್ಯ ನಂಬಿಕೆಯೂ ಈಗ ಉಳಿದಿಲ್ಲ. ೨೦೨೦ರ ಮ್ಯಾಕ್ ಓಎಸ್ ೧೧ರಿಂದ ವ್ಯವಸ್ಥೆಯ ಲೈಬ್ರರಿಗಳು ಬಿಡಿ ಕಡತಗಳಾಗಿ ಡಿಸ್ಕಿನ ಮೇಲೆ ಇರುವುದೇ ಇಲ್ಲ. ಎಲ್ಲವೂ ಒಂದು ಸಂಗ್ರಹದಲ್ಲಿ ಅಡಗಿವೆ. ಕಡತ ಇದೆಯೇ ಎಂದು ಮುಂಚೆ ನೋಡಿ ಆಮೇಲೆ ತೆರೆಯುವ ಜಾಗರೂಕ ಪ್ರೋಗ್ರಾಂ ಅಲ್ಲಿ ಸೋಲುತ್ತದೆ. ನೋಡದೆ ತೆರೆದದ್ದು ಗೆಲ್ಲುತ್ತದೆ. ಇದಕ್ಕೆ ವಿಪರೀತವಾಗಿ, ೨೦೧೬ರ ಆಂಡ್ರಾಯ್ಡ್ ೭ರಿಂದ ವ್ಯವಸ್ಥೆಯ ಖಾಸಗಿ ಲೈಬ್ರರಿಗಳು ಡಿಸ್ಕಿನ ಮೇಲೆ ಇದ್ದರೂ ಸಾಮಾನ್ಯ ಪ್ರೋಗ್ರಾಂಗಳಿಗೆ ತೆರೆಯವು. ಒಂದು ಕಡೆ ಕಡತವಿಲ್ಲದೆ ಸನ್ನಿಧಿ. ಇನ್ನೊಂದು ಕಡೆ ಕಡತವಿದ್ದೂ ಅಸನ್ನಿಧಿ.

ಇದು ಕನ್ನಡಿಗರಿಗೆ ದೂರದ ವಿಷಯವೆಂದು ವಾಚಕರು ಭಾವಿಸಬಾರದು. ತೆರೆಯ ಮೇಲೆ ಕನ್ನಡ ಅಕ್ಷರ ಸರಿಯಾಗಿ ಮೂಡಬೇಕಾದರೆ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರಗಳನ್ನು ಕೂಡಿಸಿ ಆಕಾರ ಕೊಡುವ ಲೈಬ್ರರಿಯೊಂದು ಬೇಕು. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ಆಸರೆ ದೊರೆತಾಗ ಆ ಕೆಲಸವನ್ನು ಯೂನಿಸ್ಕ್ರೈಬ್ ಎಂಬ ಡಿಎಲ್‌ಎಲ್ ಮಾಡುತ್ತಿತ್ತು. ಅದರ ಹೊಸ ಪ್ರತಿಯೊಂದು ಯಾವುದಾದರೂ ಪ್ರೋಗ್ರಾಂನ ಕೋಶದಲ್ಲಿದ್ದರೆ, ಮೇಲೆ ಹೇಳಿದ ಹುಡುಕಾಟದ ಕ್ರಮದಿಂದ ಆ ಪ್ರೋಗ್ರಾಂನಲ್ಲಿ ಮಾತ್ರ ಅಕ್ಷರಗಳು ಬೇರೆ ಬಗೆಯಾಗಿ ಮೂಡುತ್ತಿದ್ದವು; ಒಂದೇ ಯಂತ್ರದಲ್ಲಿ ಒಂದೇ ಪದಕ್ಕೆ ಎರಡು ರೂಪ. ಲಿನಕ್ಸಿನ ಪ್ಯಾಂಗೋ ಲೈಬ್ರರಿಯಾದರೋ ಭಾರತೀಯ ಲಿಪಿಗಳ ಭಾಗವನ್ನು ಪ್ರತ್ಯೇಕ ಮಾಡ್ಯೂಲಾಗಿಟ್ಟು, ಆ ಲಿಪಿಯ ಪಠ್ಯ ಬಂದಾಗ ಮಾತ್ರ ತೆರೆದುಕೊಳ್ಳುತ್ತಿತ್ತು. ಮಾಡ್ಯೂಲ್ ಸಿಕ್ಕದಿದ್ದರೆ ಪ್ರೋಗ್ರಾಂ ನಿಲ್ಲುತ್ತಿರಲಿಲ್ಲ. ಒತ್ತಕ್ಷರ ಒತ್ತಾಗಿ ಕೂಡದೆ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಓದುಗ ಫಾಂಟನ್ನು ದೂರುತ್ತಿದ್ದ; ತಪ್ಪು ಇದ್ದದ್ದು ಲೋಡರಿನ ಹುಡುಕಾಟದಲ್ಲಿ. ೨೦೧೨ರಲ್ಲಿ ಪ್ಯಾಂಗೋ ಈ ಮಾಡ್ಯೂಲುಗಳನ್ನು ಬಿಟ್ಟು ಹಾರ್ಫ್‌ಬಜ್ ಎಂಬ ಸಾಮಾನ್ಯ ಲೈಬ್ರರಿಯನ್ನು ಅವಲಂಬಿಸಿದ ಮೇಲೆ ಈ ತೊಂದರೆ ಅಲ್ಲಿ ತೀರಿತು.

೫

ಲೈಬ್ರರಿ ದೊರೆತ ಮೇಲೆ ಅದರೊಳಗಿನ ಹೆಸರುಗಳ ಪ್ರಶ್ನೆ. ಎರಡು ಲೈಬ್ರರಿಗಳಲ್ಲಿ ಒಂದೇ ಹೆಸರಿನ ಫಂಕ್ಷನ್ನುಗಳಿದ್ದರೆ ಏನಾಗಬೇಕು? ಊರಿನ ಬೀದಿಯಲ್ಲಿ ನಿಂತು ‘ರಾಮಣ್ಣ’ ಎಂದು ಕೂಗಿದರೆ ಮೊದಲು ಸಿಕ್ಕಿದ ರಾಮಣ್ಣ ತಿರುಗಿ ನೋಡುತ್ತಾನೆ. ‘ಮೇಲಿನಮನೆ ರಾಮಣ್ಣ’ ಎಂದು ಕೂಗಿದರೆ ಆ ಮನೆಯವನೇ ಬರಬೇಕು. ಲಿನಕ್ಸ್ ಮೊದಲಾದವು ಅನುಸರಿಸುವ ಈಎಲ್‌ಎಫ್ ಪದ್ಧತಿ ಮೊದಲನೆಯ ಬಗೆಯದು: ಪ್ರೋಗ್ರಾಂ ತನಗೆ ಬೇಕಾದ ಲೈಬ್ರರಿಗಳ ಪಟ್ಟಿಯನ್ನು ಒಂದು ಕಡೆಯೂ, ಬೇಕಾದ ಫಂಕ್ಷನ್ನುಗಳ ಪಟ್ಟಿಯನ್ನು ಇನ್ನೊಂದು ಕಡೆಯೂ ಇಟ್ಟಿರುತ್ತದೆ, ಯಾವುದು ಯಾವುದರಲ್ಲಿ ಎಂಬ ನಂಟನ್ನು ಅದು ಹೇಳುವುದಿಲ್ಲ. ವಿಂಡೋಸಿನದು ಎರಡನೆಯ ಬಗೆ: ಇಂಥ ಡಿಎಲ್‌ಎಲ್‌ನ ಇಂಥ ಫಂಕ್ಷನ್ನು ಎಂದೇ ದಾಖಲಾಗಿರುತ್ತದೆ. ಮ್ಯಾಕ್ ವ್ಯವಸ್ಥೆಯೂ ೨೦೦೧ರ ೧೦.೧ನೆಯ ಆವೃತ್ತಿಯಿಂದ ಎರಡನೆಯ ದಾರಿಯನ್ನೇ ಹಿಡಿಯಿತು.

ಮೊದಲನೆಯ ಬಗೆಯನ್ನು ಬರಿಯ ಅಲಕ್ಷ್ಯವೆಂದು ಕರೆಯುವುದು ಅನ್ಯಾಯ. ಹಳೆಯ ಲಿಂಕರಿನಿಂದ ಮುಂಚಿತವಾಗಿ ಕೂಡಿಸಿದ ಪ್ರೋಗ್ರಾಂ ಹೇಗೆ ನಡೆಯುತ್ತಿತ್ತೋ ಹೊಸ ಕ್ರಮದಲ್ಲಿಯೂ ಹಾಗೆಯೇ ನಡೆಯಬೇಕೆಂಬುದು ಅದನ್ನು ರೂಪಿಸಿದವರ ಉದ್ದೇಶ. ಅದರಿಂದ ಒಂದು ಲಾಭವೂ ಉಂಟು: ಸ್ಮೃತಿಯನ್ನು ಹಂಚುವ ಫಂಕ್ಷನ್ನಿನ ಮುಂದೆ ಅದೇ ಹೆಸರಿನ ಇನ್ನೊಂದನ್ನು ನಿಲ್ಲಿಸಿ, ಮೂಲಪ್ರೋಗ್ರಾಂ ಮುಟ್ಟದೆಯೇ ಅದರ ದೋಷಗಳನ್ನು ಪತ್ತೆಮಾಡಬಹುದು. ಆದರೆ ಲಾಭದ ಬಾಗಿಲಿನಿಂದಲೇ ಹಾನಿಯೂ ಬರುತ್ತದೆ. ಎರಡು ಪ್ಲಗಿನ್‌ಗಳು ತಂತಮ್ಮೊಳಗೆ ಒಂದೇ ಲೈಬ್ರರಿಯ ಎರಡು ಆವೃತ್ತಿಗಳನ್ನು ಹೊತ್ತು ತಂದರೆ, ಒಂದರ ಕರೆ ಇನ್ನೊಂದಕ್ಕೆ ಹೋಗಬಹುದು.

ಈ ಅಪಾಯವನ್ನು ಕಡಮೆಮಾಡಲೆಂದು ಡಿಎಲ್‌ಓಪನ್‌ನಲ್ಲಿ ಎರಡು ಆಯ್ಕೆಗಳಿವೆ: ತೆರೆದ ಲೈಬ್ರರಿಯ ಹೆಸರುಗಳು ಎಲ್ಲರಿಗೂ ಕಾಣುವಂತೆ ಮಾಡುವುದು, ಅಥವಾ ಅದಕ್ಕೇ ಸೀಮಿತಗೊಳಿಸುವುದು. ಎರಡನ್ನೂ ಹೇಳದಿದ್ದರೆ? ಪೋಸಿಕ್ಸ್ ಗ್ರಂಥ ಇದನ್ನು ನಿರ್ಣಯಿಸದೆ ಬಿಟ್ಟಿದೆ. ಲಿನಕ್ಸಿನಲ್ಲಿ ಹೆಸರುಗಳು ಸೀಮಿತವಾಗುತ್ತವೆ. ಮ್ಯಾಕಿನಲ್ಲಿ ಎಲ್ಲರಿಗೂ ತೆರೆದಿರುತ್ತವೆ. ಒಂದೇ ಹೆಸರಿನ, ಒಂದೇ ಪ್ರಮಾಣಗ್ರಂಥದ ಒಂದೇ ಫಂಕ್ಷನ್ನು ಮೌನಕ್ಕೆ ಎರಡು ವ್ಯವಸ್ಥೆಗಳಲ್ಲಿ ಎರಡು ಅರ್ಥ ಕೊಡುತ್ತದೆ. ಯೂನಿಕ್ಸ್ ವಂಶದೊಳಗೇ ಹೀಗಿರಲು ವಿಂಡೋಸಿನೊಡನೆ ಸಮಚಿಹ್ನೆ ಹಾಕುವುದು ಎಂತು?

೬

ಇನ್ನು ಯೋಗ್ಯತೆ. ಡಿಎಲ್‌ಸಿಮ್ ಮತ್ತು ಗೆಟ್‌ಪ್ರಾಕ್‌ಅಡ್ರೆಸ್ ಎರಡೂ ಕೇಳುವುದು ಹೆಸರನ್ನು, ಕೊಡುವುದು ವಿಳಾಸವನ್ನು. ಆ ವಿಳಾಸದಲ್ಲಿರುವ ಫಂಕ್ಷನ್ನು ಎರಡು ಪೂರ್ಣಾಂಕಗಳನ್ನು ಬಯಸುತ್ತದೆಯೋ ಒಂದು ದಶಮಾಂಶವನ್ನು ಬಯಸುತ್ತದೆಯೋ ಎಂದು ಯಾರೂ ಹೇಳುವುದಿಲ್ಲ. ಕರೆಯುವವನು ತನ್ನ ಊಹೆಯಂತೆ ವಿಳಾಸಕ್ಕೆ ಒಂದು ಬಗೆಯನ್ನು ಆರೋಪಿಸುತ್ತಾನೆ. ಊಹೆ ತಪ್ಪಾದರೆ ಕಂಪೈಲರು ಗದರಿಸುವುದಿಲ್ಲ, ಲೋಡರು ತಡೆಯುವುದಿಲ್ಲ. ೩೨ ಬಿಟ್ಟಿನ ವಿಂಡೋಸಿನ ಒಂದು ಕರೆಯ ಪದ್ಧತಿಯಲ್ಲಿ ಫಂಕ್ಷನ್ನಿನ ಹೆಸರಿನ ಕೊನೆಗೆ ವಾದಗಳ ಒಟ್ಟು ಬೈಟುಗಳನ್ನು ಅಂಟಿಸುವ ರೂಢಿಯಿತ್ತು. ಸಿ ಪ್ಲಸ್ ಪ್ಲಸ್ ಭಾಷೆ ವಾದಗಳ ಬಗೆಯನ್ನೇ ಹೆಸರಿನಲ್ಲಿ ಹೆಣೆಯುತ್ತದೆ. ಇವು ಯೋಗ್ಯತೆಯನ್ನು ಹೆಸರಿನೊಳಗೆ ಕಟ್ಟಿಡುವ ಪ್ರಯತ್ನಗಳು. ಆದರೆ ಹೆಣೆಯುವ ರೀತಿ ಎಲ್ಲ ಕಂಪೈಲರುಗಳಲ್ಲಿ ಒಂದೇ ಅಲ್ಲದ್ದರಿಂದ, ಪ್ಲಗಿನ್ ಬರೆಯುವವರು ಸಾಮಾನ್ಯವಾಗಿ ಸಿ ಭಾಷೆಯ ಬರಿಯ ಹೆಸರಿಗೇ ಮರಳುತ್ತಾರೆ. ಎಲ್ಲ ಕಡೆಯೂ ಸಲ್ಲಬೇಕೆಂಬ ಆಸೆಯಿಂದ ಇದ್ದ ಅಲ್ಪ ರಕ್ಷಣೆಯನ್ನೂ ಕಳಚಿಡುತ್ತಾರೆ.

ವಾದಗಳ ಬಗೆ ಹೊಂದಿದ ಮಾತ್ರಕ್ಕೆ ಅರ್ಥ ಹೊಂದಿತೆನ್ನುವಂತಿಲ್ಲ. ೨೦೧೦ರ ಕೊನೆಯಲ್ಲಿ ಹೊರಬಂದ ಫೆಡೋರಾ ೧೪ ಎಂಬ ಲಿನಕ್ಸ್ ವಿತರಣೆಯಲ್ಲಿ ಸಿ ಲೈಬ್ರರಿಯ ಮೆಮ್‌ಕಾಪಿ ಎಂಬ ಫಂಕ್ಷನ್ನನ್ನು ಹೆಚ್ಚು ವೇಗವಾಗಿ ನಡೆಯುವಂತೆ ಮಾರ್ಪಡಿಸಲಾಗಿತ್ತು. ಬ್ರೌಸರು ನಡೆಯುತ್ತಿರುವಾಗ ಪ್ಲಗಿನ್ನಾಗಿ ಒಳಬರುತ್ತಿದ್ದ ಅಡೋಬಿ ಸಂಸ್ಥೆಯ ಫ್ಲ್ಯಾಷ್‌ನಲ್ಲಿ ಆ ಬಳಿಕ ಧ್ವನಿ ಒಡಕಾಯಿತು. ಕಾರಣವಿಷ್ಟೇ: ಒಂದರ ಮೇಲೊಂದು ಬೀಳುವ ಸ್ಮೃತಿಭಾಗಗಳಿಗೆ ಮೆಮ್‌ಕಾಪಿಯನ್ನು ಬಳಸಬಾರದೆಂದು ಸಿ ಭಾಷೆಯ ಪ್ರಮಾಣಗ್ರಂಥ ಹೇಳುತ್ತದೆ, ಫ್ಲ್ಯಾಷ್ ಬಳಸುತ್ತಿತ್ತು. ಹಳೆಯ ಮೆಮ್‌ಕಾಪಿ ಆ ತಪ್ಪನ್ನು ಸಹಿಸುತ್ತಿತ್ತು, ಹೊಸದು ಸಹಿಸಲಿಲ್ಲ. ಹೆಸರು ಅದೇ, ವಾದಗಳು ಅವೇ, ಸನ್ನಿಧಿಗೂ ಕುಂದಿಲ್ಲ. ತಪ್ಪು ಯಾರದೆಂಬ ವಿಷಯದಲ್ಲಿ ದೊಡ್ಡ ವಾದವೇ ನಡೆಯಿತು. ಕೊನೆಗೆ ೨೦೧೧ರ ೨.೧೪ನೆಯ ಆವೃತ್ತಿಯಲ್ಲಿ ಲೈಬ್ರರಿಯನ್ನು ರಚಿಸುವವರು ಒಂದೇ ಹೆಸರಿಗೆ ಎರಡು ಆವೃತ್ತಿಚಿಹ್ನೆಗಳನ್ನು ಇಟ್ಟು, ಹಳೆಯ ಪ್ರೋಗ್ರಾಂಗಳಿಗೆ ಸಹಿಷ್ಣುವಾದ ರೂಪವೂ ಹೊಸದಾಗಿ ಜೋಡಿಸಿದವುಗಳಿಗೆ ಹೊಸ ರೂಪವೂ ದೊರೆಯುವಂತೆ ಮಾಡಿದರು. ಈ ಪರಿಹಾರವನ್ನು ನಾವು ಮೆಚ್ಚುತ್ತೇವೆ. ಯೋಗ್ಯತೆಯನ್ನು ಲೋಡರು ಅರಿಯಲಾರದಿದ್ದರೂ, ಅದರ ಚರಿತ್ರೆಯನ್ನು ಹೆಸರಿನ ಪಕ್ಕದಲ್ಲಿ ಬರೆದಿಡಬಹುದೆಂದು ಇದು ತೋರಿಸುತ್ತದೆ.

ಮುಚ್ಚುವ ಕ್ರಿಯೆಯನ್ನೂ ಇಲ್ಲಿಯೇ ನೋಡಬಹುದು. ಡಿಎಲ್‌ಕ್ಲೋಸ್ ಕರೆದರೆ ಲೈಬ್ರರಿ ಸ್ಮೃತಿಯಿಂದ ಹೊರಹೋಗುತ್ತದೆಂದು ಪಟ್ಟಿಯನ್ನು ಓದಿದವರು ಭಾವಿಸುತ್ತಾರೆ. ಪೋಸಿಕ್ಸ್ ಗ್ರಂಥ ಹಾಗೆ ಕಡ್ಡಾಯ ಮಾಡಿಲ್ಲ. ಲಿನಕ್ಸಿನಲ್ಲೇ ಬಳಕೆಯಲ್ಲಿರುವ ಮಸ್ಲ್ ಎಂಬ ಸಿ ಲೈಬ್ರರಿಯಲ್ಲಿ ಡಿಎಲ್‌ಕ್ಲೋಸ್ ಏನನ್ನೂ ಹೊರಹಾಕುವುದಿಲ್ಲ. ಮ್ಯಾಕಿನಲ್ಲಿ ಆಬ್ಜೆಕ್ಟಿವ್ ಸಿ ಭಾಷೆಯ ವರ್ಗಗಳಿರುವ ಲೈಬ್ರರಿ ಉಳಿದುಕೊಳ್ಳುತ್ತದೆ. ಹೊರಹಾಕುವ ಕಡೆಯಾದರೂ ಕ್ಷೇಮವಿದೆಯೆ? ಮುಚ್ಚಿದ ಲೈಬ್ರರಿಯ ಫಂಕ್ಷನ್ನಿನ ವಿಳಾಸವನ್ನು ಇನ್ನೊಬ್ಬರು ನೆನಪಿಟ್ಟುಕೊಂಡಿದ್ದರೆ, ಅವರ ಮುಂದಿನ ಕರೆ ಬರಿದಾದ ಸ್ಥಳಕ್ಕೆ ಹೋಗಿ ಬೀಳುತ್ತದೆ. ಮುಚ್ಚಿ ಮತ್ತೆ ತೆರೆದರೆ ಲೈಬ್ರರಿಯ ಆಂತರಿಕ ಸ್ಥಿತಿ ಮೊದಲಿನಂತಾಗುತ್ತದೆಂದು ನಂಬಿದ ಪ್ರೋಗ್ರಾಂ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು.

೭

ಇಲ್ಲಿ ಒಂದು ಪೂರ್ವಪಕ್ಷ ಬರಬಹುದು. ‘ಈ ಭೇದಗಳನ್ನೆಲ್ಲ ವಿದ್ಯಾರ್ಥಿ ಏಕೆ ಅರಿಯಬೇಕು? ಭೇದಗಳನ್ನು ಮರೆಮಾಡಲೆಂದೇ ಮಧ್ಯಸ್ಥ ಲೈಬ್ರರಿಗಳಿವೆಯಲ್ಲ?’ ನಿಜ, ಇವೆ. ಲಿಬ್‌ಟೂಲಿನ ಜೊತೆಗೆ ಬರುವ ಲೋಡರ್, ಜಿಲಿಬ್‌ನ ಮಾಡ್ಯೂಲ್ ಭಾಗ, ಜಾವಾದ ಲೋಡ್‌ಲೈಬ್ರರಿ ಮೊದಲಾದವು ಈ ಸೇವೆಗೆ ನಿಂತಿವೆ. ಜಾವಾಕ್ಕೆ ಹೆಸರಿನ ತಿರುಳನ್ನು ಮಾತ್ರ ಕೊಟ್ಟರೆ ಸಾಕು. ಆಯಾ ವ್ಯವಸ್ಥೆಗೆ ತಕ್ಕ ಆದಿ ಅಂತ್ಯಗಳನ್ನು ಅದೇ ಸೇರಿಸಿಕೊಳ್ಳುತ್ತದೆ. ಇವುಗಳ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಮಧ್ಯಸ್ಥನು ಮಾತನ್ನು ಅನುವಾದಿಸಬಲ್ಲನೇ ಹೊರತು ಎರಡು ಊರುಗಳ ಕಾನೂನನ್ನು ಒಂದುಮಾಡಲಾರ. ಹೆಸರಿನ ರೂಪವನ್ನು ಅವನು ಸರಿಪಡಿಸುತ್ತಾನೆ. ದೋಷವಾರ್ತೆಯನ್ನು ಒಂದೇ ರೂಪಕ್ಕೆ ತರುತ್ತಾನೆ. ಹುಡುಕಾಟದ ಕ್ರಮವನ್ನಾಗಲಿ ಹೆಸರುಗಳ ವ್ಯಾಪ್ತಿಯನ್ನಾಗಲಿ ಮುಚ್ಚುವುದರ ಫಲವನ್ನಾಗಲಿ ಅವನು ಬದಲಿಸಲಾರ. ಇನ್ನು ಯೋಗ್ಯತೆಯ ಗೊಡವೆಗೇ ಅವನು ಹೋಗುವುದಿಲ್ಲ. ಮಧ್ಯಸ್ಥನನ್ನು ಬಳಸಬಾರದೆಂಬುದು ನಮ್ಮ ವಾದವಲ್ಲ. ಅವನ ಮರೆಯಲ್ಲಿ ಭೇದಗಳು ಇಲ್ಲವಾದುವೆಂದು ನಂಬಬಾರದೆಂಬುದು ನಮ್ಮ ವಾದ.

೮

ಈ ವಿಚಾರ ಪಂಡಿತರ ಚರ್ಚೆಗೆ ಸೀಮಿತವಲ್ಲವೆಂಬುದಕ್ಕೆ ೨೦೨೪ರ ಘಟನೆಯೊಂದು ಸಾಕ್ಷಿ. ಆ ವರ್ಷದ ಮಾರ್ಚ್ ೨೯ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ಎಕ್ಸ್‌ಜೆಡ್ ಎಂಬ ಸಂಕ್ಷೇಪಣ ಲೈಬ್ರರಿಯ ೫.೬.೦ ಮತ್ತು ೫.೬.೧ನೆಯ ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲನ್ನು ಅಡಗಿಸಿಟ್ಟಿದ್ದಾರೆಂದು ಜಗತ್ತಿಗೆ ತಿಳಿಸಿದರು. ಆ ಬಾಗಿಲು ತೆರೆಯುತ್ತಿದ್ದುದು ಎಸ್‌ಎಸ್‌ಎಚ್ ಎಂಬ ದೂರಪ್ರವೇಶದ ಸೇವೆಯೊಳಕ್ಕೆ. ಆ ಸೇವೆಗೆ ಸಂಕ್ಷೇಪಣ ಲೈಬ್ರರಿಯಿಂದ ಆಗಬೇಕಾದುದು ಏನೂ ಇರಲಿಲ್ಲ. ಕೆಲವು ವಿತರಣೆಗಳು ಅದಕ್ಕೆ ಸಿಸ್ಟಮ್‌ಡಿಯ ಲೈಬ್ರರಿಯನ್ನು ಕೂಡಿಸಿದ್ದವು. ಅದು ಎಕ್ಸ್‌ಜೆಡ್ಡನ್ನು ಬಯಸುತ್ತಿತ್ತು. ಪ್ರೋಗ್ರಾಂ ಆರಂಭವಾಗುವಾಗ ಲೋಡರು ಎಲ್ಲವನ್ನೂ ಕರೆತರುತ್ತಿತ್ತು. ಮನೆಗೆ ಬಂದ ನೆಂಟರ ಜೊತೆಗೆ ಅವರ ಗುರುತಿನವನೆಂದು ಇನ್ನೊಬ್ಬನು ಒಳಬಂದಂತಾಯಿತು.

ಸಿಸ್ಟಮ್‌ಡಿಯವರು ಇಂಥ ಲೈಬ್ರರಿಗಳನ್ನು ಆರಂಭದಲ್ಲಿ ಕರೆತರದೆ, ನಿಜವಾಗಿ ಬೇಕಾದಾಗ ಮಾತ್ರ ಡಿಎಲ್‌ಓಪನ್‌ನಿಂದ ತೆರೆಯುವ ದಾರಿಯನ್ನು ಈ ಸುದ್ದಿ ಹೊರಬೀಳುವ ಮುನ್ನವೇ ಹಿಡಿಯತೊಡಗಿದ್ದರು. ನಮ್ಮ ವಿಷಯಕ್ಕೆ ಇದು ಗಮನಾರ್ಹ. ಇಲ್ಲಿ ಡಿಎಲ್‌ಓಪನ್ ರಕ್ಷಕನಾಗುತ್ತದೆ: ಬೇಡದವನು ಬಾಗಿಲ ಬಳಿಗೂ ಬರುವುದಿಲ್ಲ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಮುಂಚಿತವಾಗಿ ಕೂಡಿಸಿದ ಲೈಬ್ರರಿಯ ಹೆಸರು ಕಡತದ ತಲೆಬರಹದಲ್ಲಿ ದಾಖಲಾಗಿರುತ್ತದೆ. ಪರೀಕ್ಷಕನು ಪ್ರೋಗ್ರಾಂ ನಡೆಸದೆಯೇ ಅದನ್ನು ಓದಬಲ್ಲ. ಡಿಎಲ್‌ಓಪನ್ ಕರೆಯುವ ಹೆಸರು ಪ್ರೋಗ್ರಾಂನ ಹೊಟ್ಟೆಯೊಳಗ ಬರಿಯ ಒಂದು ಅಕ್ಷರಮಾಲೆ. ಯಾವ ಪಟ್ಟಿಯಲ್ಲಿಯೂ ಅದು ಕಾಣದು. ಅವಲಂಬನೆ ಕಡಮೆಯಾಗಲಿಲ್ಲ, ಕಣ್ಮರೆಯಾಯಿತು ಎಂಬ ಆಕ್ಷೇಪ ನ್ಯಾಯವಾದುದೇ. ಅದನ್ನು ಒಪ್ಪಿಕೊಂಡಂತೆ, ೨೦೨೪ರಲ್ಲಿಯೇ ಬಂದ ಸಿಸ್ಟಮ್‌ಡಿಯ ೨೫೬ನೆಯ ಆವೃತ್ತಿಯಲ್ಲಿ, ನಡುವೆ ತೆರೆಯಬಹುದಾದ ಲೈಬ್ರರಿಗಳ ಹೆಸರನ್ನು ಕಡತದೊಳಗೇ ಒಂದು ಟಿಪ್ಪಣಿಯಾಗಿ ಬರೆದಿಡುವ ಏರ್ಪಾಡು ಮಾಡಿದರು. ತಡವಾಗಿ ಕರೆಯೋಣ, ಆದರೆ ಕರೆಯುವೆವೆಂದು ಮುಂಚೆಯೇ ಹೇಳಿರೋಣ ಎಂಬುದು ಇದರ ತಾತ್ಪರ್ಯ.

ಈ ಟಿಪ್ಪಣಿ ತಾಂತ್ರಿಕವಾಗಿ ಅಲ್ಪವಾದರೂ ವಿಚಾರದೃಷ್ಟಿಯಿಂದ ದೊಡ್ಡ ಹೆಜ್ಜೆಯೆಂದು ನಮ್ಮ ಅಭಿಪ್ರಾಯ. ಮೆಮ್‌ಕಾಪಿಯ ಆವೃತ್ತಿಚಿಹ್ನೆ, ವಿಂಡೋಸ್ ಮತ್ತು ಮ್ಯಾಕ್‌ಗಳ ಮನೆಹೆಸರಿನ ಪದ್ಧತಿ, ಈ ಟಿಪ್ಪಣಿ ಮೂರೂ ಒಂದೇ ದಿಕ್ಕಿಗೆ ಬೆರಳು ತೋರುತ್ತವೆ. ಪ್ರೋಗ್ರಾಂ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಬರಹಕ್ಕೆ ಇಳಿಸಿದಷ್ಟೂ ಜೋಡಣೆ ಕ್ಷೇಮ.

೯

ಹಾಗಾದರೆ ಕರಿಹಲಗೆಯ ಪಟ್ಟಿಯನ್ನು ಅಳಿಸಿಬಿಡಬೇಕೆ? ಬೇಡ. ಅದರ ಮೂರು ಸಾಲುಗಳ ಕೆಳಗೆ ಇನ್ನೂ ನಾಲ್ಕು ಸಾಲುಗಳು ಸೇರಬೇಕು; ಅಲ್ಲಿ ಸಮಚಿಹ್ನೆಯ ಬದಲು ಭೇದಗಳು ಬರಬೇಕು. ಹೆಸರನ್ನು ಎಲ್ಲಿ ಹುಡುಕುತ್ತದೆ? ಸಿಕ್ಕ ಹೆಸರು ಯಾರಿಗೆಲ್ಲ ಕಾಣುತ್ತದೆ? ವಿಳಾಸದ ಬಗೆಗೆ ಯಾರು ಹೊಣೆ? ಮುಚ್ಚಿದರೆ ನಿಜವಾಗಿ ಏನಾಗುತ್ತದೆ? ಈ ನಾಲ್ಕು ಪ್ರಶ್ನೆಗಳಿಗೆ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲಿಯೂ ಉತ್ತರ ಬರೆಯಲು ವಿದ್ಯಾರ್ಥಿಗಳಿಗೆ ಹೇಳಿದರೆ, ಒಂದು ತರಗತಿಯ ಅವಧಿಯಲ್ಲಿ ಅವರು ಈ ವಿಷಯದ ಸಾರವನ್ನು ತಾವೇ ಕಾಣಬಲ್ಲರು. ಒಂದು ಸಣ್ಣ ಪ್ಲಗಿನ್ನನ್ನು ಬರೆದು ಮೂರು ಯಂತ್ರಗಳಲ್ಲಿ ತೆರೆದು, ಮುಚ್ಚಿ, ಮತ್ತೆ ತೆರೆದು, ಅದರೊಳಗಿನ ಎಣಿಕೆ ಸೊನ್ನೆಯಿಂದ ಆರಂಭವಾಯಿತೋ ಮುಂದುವರಿಯಿತೋ ಎಂದು ನೋಡುವುದು ಉತ್ತಮವಾದ ಪ್ರಯೋಗ.

ಪ್ರೋಗ್ರಾಂ ಬರೆಯುವವರಿಗೆ ಈ ವಿಮರ್ಶೆಯಿಂದ ಒದಗುವ ವಿಧಿಗಳು ಕೆಲವೇ. ತನ್ನದೇ ಪ್ಲಗಿನ್ನಾದರೆ ಪೂರ್ಣವಾದ ದಾರಿಯನ್ನು ಕೊಟ್ಟು ತೆರೆಯಬೇಕು. ಹೆಸರುಗಳ ವ್ಯಾಪ್ತಿಯನ್ನು ಮೌನಕ್ಕೆ ಬಿಡದೆ ಬಾಯಿಬಿಟ್ಟು ಹೇಳಬೇಕು. ಪ್ಲಗಿನ್ನಿನಲ್ಲಿ ಆವೃತ್ತಿಯ ಅಂಕೆಯನ್ನು ಹೇಳುವ ಒಂದು ಫಂಕ್ಷನ್ನನ್ನಿಟ್ಟು, ಮಿಕ್ಕೆಲ್ಲಕ್ಕಿಂತ ಮೊದಲು ಅದನ್ನು ಕೇಳಬೇಕು. ಒಂದು ಲೈಬ್ರರಿಯಲ್ಲಿ ಪಡೆದ ಸ್ಮೃತಿಯನ್ನು ಅದೇ ಲೈಬ್ರರಿಯಲ್ಲಿಯೇ ಬಿಡುಗಡೆ ಮಾಡಬೇಕು. ವಿಂಡೋಸಿನಲ್ಲಿ ಎರಡು ಡಿಎಲ್‌ಎಲ್‌ಗಳು ಎರಡು ಬೇರೆ ಸಿ ಲೈಬ್ರರಿಗಳನ್ನು ಆಶ್ರಯಿಸಿರಬಹುದು, ಒಂದರ ಖಾತೆ ಇನ್ನೊಂದಕ್ಕೆ ತಿಳಿಯದು. ಮುಚ್ಚಿದ್ದು ಹೊರಗೆ ಹೋಯಿತೆಂಬ ನಂಬಿಕೆಯ ಮೇಲೆ ಏನನ್ನೂ ಕಟ್ಟಬಾರದು. ನಡುವೆ ತೆರೆಯಬಹುದಾದ ಲೈಬ್ರರಿಗಳ ಹೆಸರನ್ನು ಎಲ್ಲಾದರೂ ಬರೆದಿಟ್ಟಿರಬೇಕು.

ಮಲ್ಟಿಕ್ಸಿನ ಕಾಲದಿಂದ ಇಂದಿನವರೆಗೆ ಲೋಡರುಗಳು ಆಕಾಂಕ್ಷೆಯನ್ನು ತೀರಿಸುವುದರಲ್ಲಿ ಬಹುದೂರ ಸಾಗಿವೆ. ಸನ್ನಿಧಿಯ ವಿಷಯದಲ್ಲಿ ಪೆಟ್ಟುತಿಂದು ಕಲಿಯುತ್ತಿವೆ. ಯೋಗ್ಯತೆ ಮಾತ್ರ ಇಂದಿಗೂ ಬರೆಯುವವನ ವಿವೇಕಕ್ಕೆ ಬಿಟ್ಟ ವಿಷಯ. ಅದನ್ನು ಬೆಳೆಸುವ ಸ್ಥಳ ತರಗತಿಯೇ.